ಎರಡು ಕೈಯಲ್ಲಿ ಹಿಡಿದ ಚಹಾ ಕಪ್ಪು

ಡೊಂಬಿವಿಲಿ

ಚಿರಂಜೀವಿ ಪುಟ್ಟನಿಗೆ ಮಾವ ಮಾಡುವ ಆಶೀರ್ವಾದಗಳು.

ಫೋನಿನಲ್ಲಿ ಹೇಳೋಣ ಅಂದರೆ ನೀನು "ಆಮೇಲೆ ಮಾಡ್ತೇನೆ ಮಾವಾ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಮುಲುಂಡಿನ ಮದುವೆ ಮನೆಯಲ್ಲಿ ಬೆಳಗ್ಗೆ ಏಳು ಗಂಟೆಗೆ ನಿನಗೆ ಚಹಾ ಕೊಟ್ಟವನು ನಾನೇ. ನೀನು ಒಂದು ಕೈಯಲ್ಲಿ ತೆಗೆದುಕೊಂಡೆ. ಸಾಸರ್ ಟಕಟಕ ಅಂತು. ತಕ್ಷಣ ಇನ್ನೊಂದು ಕೈ ಸೇರಿಸಿದೆ. ಆದರೂ ಸ್ವಲ್ಪ ಪಂಚೆ ಮೇಲೆ ಚೆಲ್ಲಿತು. "ನಿದ್ದೆ ಆಗಿಲ್ಲ ಮಾವಾ" ಅಂದೆ. ಹಿಂದಿನ ರಾತ್ರಿ ಮನೆ ತುಂಬ ನೆಂಟರು, ನಿನಗೆ ಕುಡಿಯಲು ಜಾಗವೇ ಇರಲಿಲ್ಲ. ಕುಡಿಯದ ದಿನ ನಡುಗುವ ಕೈ ಎಂಥದ್ದು ಅಂತ ನನಗೆ ಗೊತ್ತು ಮಾರಾಯ.

31 ವರ್ಷ ಘಾಟ್ಕೋಪರಿನ ಪರ್ಮಿಟ್ ರೂಮಿನ, ಅಂದರೆ ಬಾರಿನ, ಗಲ್ಲಾದಲ್ಲಿ ಕೂತವನು ನಾನು. ಕುಡಿತ ಪಾಪ ಅಂತ ಹೇಳುವ ಮುಖ ನನಗಿಲ್ಲ. ನಿನ್ನ ಅಮ್ಮನ ಮದುವೆ ಆದದ್ದೇ ಆ ಸಂಬಳದಲ್ಲಿ. ಗಲಾಟೆ ಮಾಡುವವರು, ವಾಂತಿ ಮಾಡುವವರು, ಅಳುವವರು, ಎಲ್ಲರನ್ನೂ ನೋಡಿದ್ದೇನೆ. ಅವರಲ್ಲಿ ಎಷ್ಟೋ ಜನ ಮದುವೆ, ಮಕ್ಕಳು ಅಂತ ಆದಮೇಲೆ ಬರುವುದೇ ಬಿಟ್ಟರು. ನನಗೆ ಇವತ್ತಿಗೂ ನೆನಪಾಗುವವನು ಬೇರೆ.

ಎಲ್ಲೋ ಅಕೌಂಟ್ಸ್ ನೋಡುತ್ತಿದ್ದ ಹುಡುಗ. 27-28 ಇರಬಹುದು. ಮೊದಲು ಶನಿವಾರ ಮಾತ್ರ ಬರುತ್ತಿದ್ದ. ಎರಡು ಪೆಗ್, ಚಖಣಾಕ್ಕೆ ಕಡಲೆ, ಅಷ್ಟೇ. ವರ್ಷ ತಿರುಗುವಷ್ಟರಲ್ಲಿ ದಿನಾ ಒಂದು ಕ್ವಾರ್ಟರ್. ಒಂದು ದಿನವೂ ತೂರಾಡಲಿಲ್ಲ. ಬಿಲ್ ತಪ್ಪಾಗಿದ್ದರೆ ಅವನೇ ಹಿಡಿಯುತ್ತಿದ್ದ. ವೇಟರುಗಳು ಅವನನ್ನು ಕ್ವಾರ್ಟರ್ ಸಾಹೇಬ್ ಅಂತ ಕರೆಯುತ್ತಿದ್ದರು. "ಗಟ್ಟಿ ಆಸಾಮಿ" ಅಂತ ನಾನೇ ಹೊಗಳಿದ್ದುಂಟು. ಆಮೇಲೆ ಬೆಳಗ್ಗೆ ಹನ್ನೊಂದಕ್ಕೆ, ಶಟರ್ ಅರ್ಧ ಎತ್ತಿದಾಗಲೇ ಬರತೊಡಗಿದ. ನಿಂತೇ ಒಂದು ಪೆಗ್ ಹಾಕುತ್ತಿದ್ದ. ಪೆಗ್ ಒಳಗೆ ಹೋಗುವ ತನಕ ಪಾಕೀಟಿನಿಂದ ನೋಟು ತೆಗೆಯಲು ಅವನಿಗೆ ಆಗುತ್ತಿರಲಿಲ್ಲ. ನಾನು ಸುಮ್ನೆ ಕಾಯುತ್ತಿದ್ದೆ.

ತಾಯಿಯ ಮೇಲೆ ಆಣೆ ಹಾಕಿ ಒಮ್ಮೆಲೇ ಕುಡಿತ ಬಿಟ್ಟನಂತೆ. ಎರಡನೇ ದಿನ ಫಿಟ್ಸ್ ಬಂದು ಬಾತ್‌ರೂಮಿನಲ್ಲಿ ಬಿದ್ದ. ಬದುಕಿಕೊಂಡ. ಆರು ತಿಂಗಳ ಮೇಲೆ ಸ್ಟೇಷನ್ ಹತ್ತಿರ ಸಿಕ್ಕಾಗ ಅವನಿಗೆ ನನ್ನ ಗುರುತೇ ಹತ್ತಲಿಲ್ಲ.

"ನನಗೆ ಏರೋದೇ ಇಲ್ಲ ಮಾವಾ, ಬರೀ ಬಿಯರು" ಅಂತ ನೀನು ಹೋದ ದೀಪಾವಳಿಗೆ ನಕ್ಕೆ ಅಲ್ವಾ? ಗಲ್ಲಾದ ಲೆಕ್ಕ ಹೇಳುತ್ತೇನೆ, ಕೇಳು. 650 ಎಂ.ಎಲ್. ಸ್ಟ್ರಾಂಗ್ ಬಿಯರಿನಲ್ಲಿ 8 ಪರ್ಸೆಂಟ್ ಆಲ್ಕೋಹಾಲ್ ಇದ್ದರೆ, ಅದು 30 ಎಂ.ಎಲ್.ನ ನಾಲ್ಕು ವಿಸ್ಕಿ ಪೆಗ್ಗಿಗೆ ಸಮ. ನೀನು ಕುಡಿಯುವ ಎರಡು ಬಾಟಲಿ ಎಂಟು ಪೆಗ್ ಆಯಿತು. ಕ್ವಾರ್ಟರ್ ಅಂದರೆ ಆರೇ ಪೆಗ್. ಮಹಾರಾಷ್ಟ್ರದಲ್ಲಿ ಬಿಯರಿಗೆ 21 ವರ್ಷ ತುಂಬಿರಬೇಕು, ವಿಸ್ಕಿಗೆ 25 ಅಂತ ಕಾಯ್ದೆ ಇದೆ. ಲಿವರಿಗೆ ಆ ಕಾಯ್ದೆ ಗೊತ್ತಿಲ್ಲ. ಅದು ಗಂಟೆಗೆ ಹೆಚ್ಚುಕಡಿಮೆ ಒಂದು ಪೆಗ್ ಕರಗಿಸುತ್ತದೆ. ಮಧ್ಯರಾತ್ರಿ ಮುಗಿಸಿದವನು ಬೆಳಗ್ಗೆ ಹಿಂಜೆವಾಡಿಯ ಆಫೀಸಿಗೆ ಬೈಕ್ ಹತ್ತುವಾಗಲೂ ರಕ್ತದಲ್ಲಿ ಸ್ವಲ್ಪ ಉಳಿದಿರಬಹುದು. 100 ಎಂ.ಎಲ್. ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಜೈಲು. ದಂಡ ಹಾಳಾಗಲಿ, ಆ ರಸ್ತೆಯ ಟ್ರಾಫಿಕ್ ನಾನು ನೋಡಿದ್ದೇನೆ.

ಏರದೇ ಇರುವುದು ತಾಕತ್ತು ಅಂತ ನಾನೂ ನಂಬಿದ್ದೆ. ಡಾಕ್ಟರೊಬ್ಬರು ಹೇಳಿದ ಮೇಲೆ ಅರ್ಥವಾಯಿತು. ಮದ್ಯ ಮಿದುಳನ್ನು ಮಂಕು ಮಾಡುತ್ತದೆ. ದಿನಾ ಹೀಗಾದರೆ ಮಿದುಳು ಎದುರು ಕಡೆಗೆ ಎಳೆಯಲು ಕಲಿಯುತ್ತದೆ. ಅದಕ್ಕೇ ಏರುವುದಿಲ್ಲ. ಹಗ್ಗಜಗ್ಗಾಟದಲ್ಲಿ ಒಂದು ಕಡೆಯವರು ದಿಢೀರ್ ಕೈಬಿಟ್ಟರೆ ಇನ್ನೊಂದು ಕಡೆಯವರು ಹಿಂದಕ್ಕೆ ಬೀಳುತ್ತಾರಲ್ಲ, ಕೈ ನಡುಕ, ಬೆವರು, ಫಿಟ್ಸ್ ಎಲ್ಲ ಹಾಗೆ.

ಆದ್ದರಿಂದ ಈ ಪತ್ರ ಓದಿ ರೋಷಕ್ಕೆ ಇವತ್ತೇ ಬಾಟಲಿ ಒಡೆಯಬೇಡ. ಒಬ್ಬನೇ ರೂಮಿನಲ್ಲಿ ಕೂತು ಬಿಡಲು ಹೋಗಬೇಡ. ಮೊದಲು ಡಾಕ್ಟರ ಹತ್ತಿರ ಹೋಗು, ದಿನಕ್ಕೆ ಎಷ್ಟು ಅಂತ ಸುಳ್ಳು ಹೇಳದೆ ಹೇಳು. ಕೆಲವು ದಿನ ಮಾತ್ರೆ ಕೊಟ್ಟು, ಬಿ1 ವಿಟಮಿನ್ ಕೊಟ್ಟು, ಮೆಲ್ಲಗೆ ಇಳಿಸುತ್ತಾರೆ. ನಿನ್ನ ಪುಣೆಯಲ್ಲೇ ಕುಡಿತ ಬಿಡಿಸುವ ಕೇಂದ್ರ ಮುಕ್ತಾಂಗಣ ಇದೆ, ಅವಚಟ್ ದಂಪತಿ 1986ರಲ್ಲಿ ಶುರು ಮಾಡಿದ್ದು. ಮರಾಠಿ ಸಾಹಿತಿ ಪು.ಲ. ದೇಶಪಾಂಡೆಯವರ ನೆರವೂ ಅದಕ್ಕಿತ್ತು. ಅಲ್ಲಿಗೆ ಹೋದರೆ ಯಾರಾದರೂ ನೋಡಿಯಾರು ಅನಿಸಿದರೆ 14416ಕ್ಕೆ ಫೋನ್ ಮಾಡು. ಅದು ಮನಸ್ಸಿನ ತೊಂದರೆಗಳಿಗೆ ಸರಕಾರದ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೂ ಮಾತಾಡುತ್ತಾರೆ. ಮರಾಠಿಯಲ್ಲಿ ಸಂಕಟ ಹೇಳಿಕೊಳ್ಳುವುದು ನಮಗೆ ಕಷ್ಟ, ಎಷ್ಟು ವರ್ಷ ಇಲ್ಲಿದ್ದರೂ.

ರೂಮ್‌ಮೇಟುಗಳು ನಗುತ್ತಾರೆ. ನಗಲಿ.

ಬರುವ ಶನಿವಾರ ಕಲ್ಯಾಣದಲ್ಲಿ ಇಂದ್ರಾಯಣಿ ರೈಲು ಹತ್ತಿ ಬರುತ್ತೇನೆ. ಡಾಕ್ಟರ ಹತ್ತಿರ ನಾನೂ ಜೊತೆಗೆ ಬರುವುದಾ, ಹೊರಗೆ ಕೂರುವುದಾ, ನೀನೇ ಹೇಳು. ಅತ್ತೆ ನೀರುದೋಸೆಗೆ ಕೋಳಿ ಸಾರು ಕಟ್ಟಿಕೊಡುತ್ತಾಳಂತೆ, ಡಬ್ಬಿ ವಾಪಸ್ ಬೇಕಂತೆ.

ಕಪ್ಪಿನ ವಿಷಯ ನಿನ್ನ ಅಮ್ಮನಿಗೆ ಹೇಳಿಲ್ಲ. ಪಂಚೆಯ ಕಲೆ ನೋಡಿ ಕೇಳಿದಳು. ನಾನೇ ಚೆಲ್ಲಿದ್ದು ಅಂದೆ.

ನಿನ್ನ ಮಾವ