ಹಳೆಯ ಟೀಚರು, ಹಳೆಯ ವಿದ್ಯಾರ್ಥಿನಿಯರ ಹೆಸರು ಹುಡುಕಲು ಹೊರಟ ಗೆಳೆಯನಿಗೆ

ಪ್ರಿಯ ಗೆಳೆಯಾ,

ನಿಮ್ಮೂರಿನ ಹೆಣ್ಣುಮಕ್ಕಳ ಹೈಸ್ಕೂಲಿನ ಸ್ಮರಣ ಸಂಚಿಕೆ ತರುವ ಕೆಲಸ ನಿನ್ನ ಪಾಲಿಗೆ ಬಂದದ್ದು ಕೇಳಿ ಖುಷಿಯಾಯಿತು. ಕಲಿಸಿದವರು, ಕಲಿತವರು ಎಲ್ಲರ ಹೆಸರೂ ಬರಲೇಬೇಕು ಅನ್ನುವ ನಿನ್ನ ಹಟ ನನಗೆ ಹಿಡಿಸಿತು. ಆದರೆ ಹುಡುಗರ ಶಾಲೆಗಿಂತ ಇಲ್ಲಿ ಕೆಲಸ ಕಷ್ಟ. ತಂದೆಯ ಇನಿಷಿಯಲ್ ಹೋಗಿ ಗಂಡನ ಹೆಸರು ಸೇರಿರುತ್ತದೆ. ಕೊಂಕಣಿ ಮನೆಗಳಲ್ಲಿ, ಉತ್ತರ ಕರ್ನಾಟಕದ ಕೆಲವು ಮನೆಗಳಲ್ಲಿ ಮದುವೆಯ ದಿನ ಹೆಸರನ್ನೇ ಬದಲಿಸುತ್ತಿದ್ದರು.

ಮೈಸೂರಿನ ಮಹಾರಾಣಿ ಶಾಲೆಯನ್ನೇ ನೋಡು. ಅದು 1881ರಲ್ಲಿ ಶುರುವಾದದ್ದು. 1890ರ ದಶಕದಲ್ಲಿ ಬಂಗಾಳದಿಂದ ಬಂದು ಅಲ್ಲಿ ಕೆಲಕಾಲ ಪಾಠ ಹೇಳಿದವರು ರವೀಂದ್ರನಾಥ ಟಾಗೋರರ ಅಕ್ಕನ ಮಗಳು ಸರಳಾ ಘೋಷಾಲ್. 1905ರಲ್ಲಿ ಮದುವೆಯಾದ ಮೇಲೆ ಅವರು ಸರಳಾದೇವಿ ಚೌಧುರಾಣಿ ಎಂದೇ ಪ್ರಸಿದ್ಧರಾದರು. ಈಗಿನವರು ‘ಚೌಧುರಾಣಿ’ ಎಂದು ಹುಡುಕಿದರೆ ಅಂದಿನ ಕಾಗದಗಳಲ್ಲಿ ಅವರು ಸಿಗುವುದಿಲ್ಲ. ಬೆಂಗಳೂರಿನ ಮಹಿಳಾ ಸೇವಾ ಸಮಾಜದ ಶಾಲೆಯಲ್ಲಿ ಓದಿದ ಎಂಜಿನಿಯರ್ ರಾಜೇಶ್ವರಿ ಚಟರ್ಜಿಯವರ ‘ಚಟರ್ಜಿ’ ಕೂಡ ಮದುವೆಯಿಂದ ಬಂದದ್ದು. ಇಷ್ಟು ಹೆಸರಾದವರ ವಿಷಯದಲ್ಲೇ ಹೀಗಾದರೆ, ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಹೋದ ಹುಡುಗಿಯ ಗತಿ ಏನು ಹೇಳು.

ಅದಕ್ಕೇ ಮೊದಲು ದಾಖಲಾತಿ ಪುಸ್ತಕ ತೆರೆ. ಹಾಜರಿ ಪುಸ್ತಕಗಳನ್ನು ಕೆಲವು ವರ್ಷಕ್ಕೆ ವಿಲೇವಾರಿ ಮಾಡಿರುತ್ತಾರೆ, ದಾಖಲಾತಿಯನ್ನು ಮಾತ್ರ ಶಾಶ್ವತವಾಗಿ ಇಟ್ಟಿರಬೇಕು. ದಾಖಲಾತಿ ಸಂಖ್ಯೆ, ಅಲ್ಲಿರುವ ಹೆಸರು, ತಂದೆ ಅಥವಾ ಪೋಷಕರ ಹೆಸರು, ಸೇರಿದ ತರಗತಿ, ಬಿಟ್ಟ ವರ್ಷ, ಟಿ.ಸಿ. ನಂಬರು: ಇಷ್ಟನ್ನು ಇದ್ದಹಾಗೇ ಬರೆದುಕೋ, ಕಾಗುಣಿತವನ್ನೂ ತಿದ್ದಬೇಡ. ಈಗಿನ ಹೆಸರಿಗೆ ಬೇರೆಯೇ ಒಂದು ಕಲಂ ಹಾಕು. ಅಚ್ಚಿನಲ್ಲಿ ಶಾಲೆಯ ಹೆಸರು ಮೊದಲು ಬರಲಿ, ಈಗಿನದು ಆಮೇಲೆ. ಒಂದೇ ಬ್ಯಾಚಿನಲ್ಲಿ ನಾಲ್ಕು ಜನ ಲಲಿತಾ, ಐದು ಜನ ಸರೋಜಾ ಇರಬಹುದು; ಬೇರ್ಪಡಿಸುವುದು ತಂದೆಯ ಹೆಸರು ಮತ್ತು ದಾಖಲಾತಿ ಸಂಖ್ಯೆ ಮಾತ್ರ. ಹುಟ್ಟಿದ ದಿನವನ್ನು ನೆಚ್ಚಬೇಡ. ವಯಸ್ಸು ಹೊಂದಿಸಲು ಸೇರಿಸಿಕೊಂಡವರೇ ಜೂನ್ 1 ಎಂದೋ ಇನ್ನೊಂದೋ ಬರೆದುಬಿಡುತ್ತಿದ್ದರು. ಜಾತಿ, ಹುಟ್ಟಿದ ದಿನ, ಅಂಕ ಇವು ಯಾವುದೂ ಸಂಚಿಕೆಯಲ್ಲಿ ಬರಕೂಡದು.

ಟೀಚರುಗಳ ಹೆಸರು ಇನ್ನೂ ಕಗ್ಗಂಟು. ನೆನಪಿನಲ್ಲಿ ಉಳಿಯುವುದು ‘ಹೊಲಿಗೆ ಟೀಚರ್’, ‘ಡ್ರಿಲ್ ಟೀಚರ್’, ‘ಹಿಂದಿ ಮಿಸ್’. ಪೂರ್ತಿ ಹೆಸರು ಇರುವುದು ಸಂಬಳದ ಬಟವಾಡೆ ಪುಸ್ತಕದಲ್ಲಿ. ಅಲ್ಲಿ ಪ್ರತಿ ತಿಂಗಳೂ ರೆವಿನ್ಯೂ ಸ್ಟಾಂಪಿನ ಮೇಲೆ ಅವರವರ ಸಹಿ ಇರುತ್ತದೆ. ತಿಂಗಳಿಂದ ತಿಂಗಳಿಗೆ ಸಹಿ ನೋಡುತ್ತ ಹೋದರೆ ಯಾರ ಹೆಸರು ಯಾವಾಗ ಬದಲಾಯಿತು ಎನ್ನುವುದೂ ತಿಳಿಯುತ್ತದೆ; ಇದಕ್ಕಿಂತ ಒಳ್ಳೆಯ ಆಧಾರ ನಾನು ಕಾಣೆ. ಸರ್ಕಾರದ ಹಣದಿಂದ ಸಂಬಳ ಬರುವ ಅನುದಾನಿತ ಶಾಲೆಯಾದರೆ ಆ ಪುಸ್ತಕಕ್ಕೇ ನಿಲ್ಲಬೇಡ. ಸಂಗೀತ, ಹೊಲಿಗೆ ಹೇಳಿಕೊಟ್ಟ ಎಷ್ಟೋ ಜನಕ್ಕೆ ಆಡಳಿತ ಮಂಡಳಿಯೇ ತನ್ನ ಕೈಯಿಂದ ಸಂಬಳ ಕೊಡುತ್ತಿತ್ತು. ಅವರ ಹೆಸರು ಮಂಡಳಿಯ ನಗದು ಪುಸ್ತಕದಲ್ಲಿ, ಓಚರುಗಳಲ್ಲಿ ಸಿಕ್ಕೀತು. ಆಯಾಗಳ ಹೆಸರೂ ಅಲ್ಲೇ ಇರುತ್ತದೆ, ದಯವಿಟ್ಟು ಅವರನ್ನು ಬಿಡಬೇಡ.

ಇನ್ನು ಗ್ರೂಪ್ ಫೋಟೋಗಳು. ರಟ್ಟಿನಿಂದ ಕೀಳಬೇಡ, ಲ್ಯಾಮಿನೇಟ್ ಮಾಡಿಸಲೇಬೇಡ. ಹಿಂದೆ ಬಾಲ್‌ಪೆನ್ನಿನಲ್ಲಿ ಬರೆದರೆ ಅಕ್ಷರ ಮುಂದಕ್ಕೆ ಒತ್ತಿ ಮುಖದ ಮೇಲೆ ಗೆರೆ ಮೂಡುತ್ತದೆ. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಜೆರಾಕ್ಸ್ ಪ್ರತಿಯ ಮೇಲೆ ನೆಲದಲ್ಲಿ ಕೂತ ಸಾಲಿನಿಂದ ಆರಂಭಿಸಿ ಪ್ರತಿ ಮುಖಕ್ಕೂ ಒಂದು ನಂಬರು ಕೊಡು. ‘ಎಡದಿಂದ ಮೂರನೆಯವಳು’ ಎಂದರೆ ನೋಡುವವರ ಎಡವೋ, ನಿಂತವರ ಎಡವೋ ಎಂಬ ಗೊಂದಲ ಆಗ ಇರುವುದಿಲ್ಲ. ಗುರುತು ಹಿಡಿಯಲು ಎಲ್ಲರನ್ನೂ ಒಟ್ಟಿಗೆ ಕೂರಿಸಬೇಡ. ಗಟ್ಟಿ ದನಿಯವರು ಒಂದು ಹೆಸರು ಹೇಳಿದರೆ ಉಳಿದವರು ಹೂಂ ಅಂದುಬಿಡುತ್ತಾರೆ. ಒಬ್ಬೊಬ್ಬರನ್ನೇ ಕೇಳು, ಯಾರು ಏನೆಂದರು ಎಂದು ಬರೆದಿಡು. ಇಬ್ಬರ ಮಾತು ಕೂಡಿದರೆ ಅಚ್ಚಿಗೆ ಹಾಕು, ಕೂಡದಿದ್ದರೆ ನಂಬರು ಖಾಲಿ ಇರಲಿ. ತಪ್ಪು ಹೆಸರಿಗಿಂತ ಖಾಲಿ ಜಾಗ ಮೇಲು.

ಹಳೆಯ ಪುಸ್ತಕಗಳ ಹರಿದ ಹಾಳೆಗೆ ಸೆಲೋಟೇಪ್ ಅಂಟಿಸಲು ಯಾರಾದರೂ ಬಂದರೆ ತಡೆ. ವರ್ಷ ಕಳೆದಂತೆ ಅದರ ಅಂಟು ಕಂದಾಗಿ ಅಕ್ಷರವನ್ನೇ ಕೆಡಿಸುತ್ತದೆ. ಬೆನ್ನು ಬಿಟ್ಟ ಪುಸ್ತಕವನ್ನು ಜೆರಾಕ್ಸ್ ಯಂತ್ರದ ಮೇಲೆ ಕವುಚಿ ಒತ್ತಬೇಡ. ಕಿಟಕಿ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಮೇಲಿನಿಂದ ಮೊಬೈಲಿನಲ್ಲಿ ತೆಗೆದರೆ ಸಾಕು.

‘ದಿವಂಗತ’ ಎಂಬ ಮಾತನ್ನು ಮನೆಯವರನ್ನು ಕೇಳದೆ ಬರೆಯಲೇಬೇಡ. ಬೇರೆ ಊರು ಸೇರಿ ಸಂಪರ್ಕ ತಪ್ಪಿದವರನ್ನು ಸತ್ತವರ ಪಟ್ಟಿಗೆ ಸೇರಿಸಿಬಿಡುವುದು ಸುಲಭವಾಗಿ ಆಗುವ ಅನ್ಯಾಯ.

ಕೊನೆಯದಾಗಿ ಒಂದು ಮಾತು, ಇದರಲ್ಲಿ ನಾನು ರಾಜಿಯಾಗುವುದಿಲ್ಲ. ಡಾಕ್ಟರು, ಜಡ್ಜು, ಅಧಿಕಾರಿ ಆದವರಿಗೆ ದೊಡ್ಡ ಪುಟ ಕೊಟ್ಟು, ಉಳಿದವರನ್ನು ‘ಇತರರು’ ಎಂದು ಮುಗಿಸಬೇಡ. ಎಸ್ಸೆಸ್ಸೆಲ್ಸಿ ಫೇಲಾದವರೂ ಮಧ್ಯದಲ್ಲಿ ಬಿಡಿಸಲ್ಪಟ್ಟವರೂ ಆ ಶಾಲೆಯವರೇ. ಬಿಟ್ಟ ವರ್ಷದ ಪ್ರಕಾರ ಎಲ್ಲರೂ ಒಂದೇ ಅಳತೆಯ ಅಕ್ಷರದಲ್ಲಿ ಬರಲಿ. ಮೊದಲ ಹತ್ತು ವರ್ಷಗಳ ಪಟ್ಟಿ ಸಿದ್ಧವಾದ ಕೂಡಲೇ ಕಳಿಸು, ದಾಖಲಾತಿ ಪುಟದ ಫೋಟೋ ಜೊತೆಗಿರಲಿ. ಸಾಲು ಸಾಲು ತಾಳೆ ನೋಡಿ ವಾಪಸು ಕಳಿಸುತ್ತೇನೆ.

ಇಂತಿ ನಿನ್ನ ಪ್ರೀತಿಯ
ಗೆಳೆಯ