ಕೋಡ್ ನೋಡಿ ವಾಲ್ವ್ ಬದಲಿಸಿದ ಸರ್ವಿಸ್ ಕೇಂದ್ರಕ್ಕೆ ದೂರು

ಇವರಿಗೆ,
ಸೇವಾ ವ್ಯವಸ್ಥಾಪಕರು,
ಅಧಿಕೃತ ಸರ್ವಿಸ್ ಕೇಂದ್ರ, ಹಾಸನ.

ಪ್ರತಿ: ಕಾರು ತಯಾರಿಕಾ ಕಂಪನಿಯ ಗ್ರಾಹಕ ಸೇವಾ ವಿಭಾಗ.

ವಿಷಯ: ಪರೀಕ್ಷೆ ಮಾಡದೆ ಇಜಿಆರ್ ವಾಲ್ವ್ (ಎಂಜಿನ್ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿನೊಳಕ್ಕೆ ಬಿಡುವ ಕವಾಟ) ಬದಲಿಸಿ ಪಡೆದ 19,430 ರೂಪಾಯಿಯನ್ನು ಹಿಂದಿರುಗಿಸುವ ಬಗ್ಗೆ.

ಮಾನ್ಯರೇ,

ನನ್ನದು 2018ರ ಮಾದರಿಯ ಬಿಎಸ್4 ಡೀಸೆಲ್ ಕಾರು. ಚೆಕ್ ಎಂಜಿನ್ ದೀಪ ಹೊತ್ತಿಕೊಂಡಿದೆ, ಶಿರಾಡಿ ಘಾಟಿಯಲ್ಲಿ ಗಾಡಿ ಎಳೆಯುತ್ತಿಲ್ಲ ಎಂದು ಹೇಳಿ ಅದನ್ನು ತಮ್ಮಲ್ಲಿ ಬಿಟ್ಟಿದ್ದೆ. ಗುಂಡ್ಯ ದಾಟಿ ಮಾರನಹಳ್ಳಿಯ ಕಡೆಗೆ ಏರುವಾಗ ಎಕ್ಸಲರೇಟರನ್ನು ಪೂರ್ತಿ ಒತ್ತಿದರೂ ಎರಡನೇ ಗೇರಿನಿಂದ ಮೇಲೆ ಹೋಗಲು ಆಗುತ್ತಿರಲಿಲ್ಲ. ಮಂಗಳೂರಿನಿಂದ ತುಂಬಿಕೊಂಡು ಬಂದ ಟ್ಯಾಂಕರ್ ಹಿಂದಿನಿಂದ ಹಾರ್ನ್ ಹೊಡೆದು ದಾರಿ ಕೇಳುವಷ್ಟು ನಿಧಾನ. ಇಷ್ಟನ್ನೂ ಜಾಬ್ ಕಾರ್ಡಿನಲ್ಲಿ ಬರೆಸಿದ್ದೇನೆ.

ತಮ್ಮ ಸ್ಕ್ಯಾನರ್ ಎರಡು ದೋಷದ ಕೋಡ್ ತೋರಿಸಿತು. ಪಿ0401 ಎಂದರೆ ಇಜಿಆರ್ ಹರಿವು ಸಾಲದು, ಪಿ0299 ಎಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೋದ ಒತ್ತಡ ಸಾಲದು. ಸರ್ವಿಸ್ ಅಡ್ವೈಸರ್ ಮೊದಲನೆಯದರ ಮೇಲೆ ಬೆರಳಿಟ್ಟು, "ಇಜಿಆರ್ ವಾಲ್ವ್ ಹೋಗಿದೆ, ಸರ್. ಬದಲಿಸಿದರೆ ಎಲ್ಲ ಸರಿಹೋಗುತ್ತದೆ" ಎಂದರು. ಎರಡನೆಯದರ ಬಗ್ಗೆ ಕೇಳಿದಾಗ, ಅದೂ ಇದರಿಂದಲೇ ಬಂದಿದೆ ಎಂದರು. ವಾಲ್ವಿಗೆ 16,480, ಕೂಲಿಗೆ 2,950 ರೂಪಾಯಿ ಕಟ್ಟಿದೆ. ದೀಪ ಆರಿದ್ದನ್ನು ತೋರಿಸಿ ಕೀ ಕೊಟ್ಟರು. ಕೋಡ್ ಅಳಿಸಿದರೆ ಯಾವ ಗಾಡಿಯ ದೀಪವೂ ಆರುತ್ತದೆ; ಎಂಜಿನ್ ಕಂಪ್ಯೂಟರ್ ಆ ಪರೀಕ್ಷೆಯನ್ನು ಮತ್ತೆ ನಡೆಸಿದಾಗಲೇ ನಿಜ ಗೊತ್ತಾಗುವುದು. ಅದಕ್ಕೆ ಗಾಡಿ ರಸ್ತೆಯಲ್ಲಿ ಓಡಬೇಕು. ತಾವು ಓಡಿಸಿ ನೋಡಿದ ದಾಖಲೆ ಜಾಬ್ ಕಾರ್ಡಿನಲ್ಲಿ ಇಲ್ಲ.

ದೀಪ ಮತ್ತೆ ಹೊತ್ತಿತು, ಅವೇ ಎರಡು ಕೋಡ್. ಈ ಸಲ ಟರ್ಬೋ ಬದಲಿಸಬೇಕು ಎಂದು ವಾಲ್ವಿನ ನಾಲ್ಕು ಪಟ್ಟು ಮೊತ್ತದ ಅಂದಾಜುಪಟ್ಟಿ ಕೈಗಿತ್ತಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ನೆನಪಾಯಿತು. ನಾನು ಒಪ್ಪದೆ ಗಾಡಿ ತಂದು ಸಕಲೇಶಪುರದ ಒಬ್ಬ ಮೆಕ್ಯಾನಿಕ್‌ಗೆ ತೋರಿಸಿದೆ.

ಅವರು ಮಾಡಿದ್ದನ್ನು ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇದಕ್ಕೆ ಬೇಕಾದ ಉಪಕರಣಗಳು ತಮ್ಮಲ್ಲೂ ಇವೆ. ನನ್ನ ಕಾರಿನ ಇಜಿಆರ್ ವಾಲ್ವ್ ವಿದ್ಯುತ್ ಮೋಟಾರಿನದಲ್ಲ, ಪಂಪೊಂದು ಪೈಪಿನಿಂದ ಗಾಳಿ ಹೀರಿ ಉಂಟುಮಾಡುವ ವ್ಯಾಕ್ಯೂಮ್ ಎಳೆತದಿಂದ ತೆರೆಯುವಂಥದ್ದು. ಟರ್ಬೋದ ರೆಕ್ಕೆಗಳನ್ನು ತಿರುಗಿಸುವುದೂ ಅದೇ ಪಂಪಿನ ವ್ಯಾಕ್ಯೂಮ್. ಎರಡೂ ಒಟ್ಟಿಗೆ ಕೈಕೊಟ್ಟಿವೆ ಎಂದರೆ ಮೊದಲು ನೋಡಬೇಕಾದದ್ದು ಎರಡಕ್ಕೂ ಸೇರಿದ ದಾರಿಯನ್ನು ಎಂದು ಅವರು ಬಾನೆಟ್ ಎತ್ತುವ ಮೊದಲೇ ಹೇಳಿದರು. ಎಂಜಿನ್ ಐಡಲ್‌ನಲ್ಲಿರುವಾಗ ಸ್ಕ್ಯಾನರಿನಿಂದ ಇಜಿಆರ್ ತೆರೆಯಲು ಆದೇಶ ಕೊಟ್ಟರು. ಹೊಗೆ ಒಳಬಂದರೆ ಆ ಮಟ್ಟಿಗೆ ಹೊಸ ಗಾಳಿ ಕಡಿಮೆಯಾಗಿ, ಗಾಳಿ ಅಳೆಯುವ ಸೆನ್ಸರಿನ ಅಂಕಿ ಇಳಿಯಬೇಕು. ಅಂಕಿ ಕದಲಲಿಲ್ಲ. ತಾವು ಹಾಕಿದ ಹೊಸ ವಾಲ್ವ್ ತೆರೆಯುತ್ತಲೇ ಇರಲಿಲ್ಲ. ವಾಲ್ವಿನ ತುದಿಯ ಪೈಪ್ ಬಿಚ್ಚಿ ವ್ಯಾಕ್ಯೂಮ್ ಅಳೆಯುವ ಗೇಜ್ ಸಿಕ್ಕಿಸಿದಾಗ ಮುಳ್ಳು ಅರ್ಧಕ್ಕೂ ಏರದೆ ನಡುಗುತ್ತಿತ್ತು.

ಪೈಪನ್ನು ಹಿಂದಕ್ಕೆ ಹಿಡಿದುಕೊಂಡು ಹೋದರೆ, ಪಂಪಿನಿಂದ ಬಂದು ಎರಡು ಸೊಲೆನಾಯ್ಡ್‌ಗಳಿಗೆ (ವ್ಯಾಕ್ಯೂಮ್ ನಿಯಂತ್ರಿಸುವ ವಿದ್ಯುತ್ ಕವಾಟಗಳಿಗೆ) ಕವಲೊಡೆಯುವ ಜಾಗದಲ್ಲಿ, ಬ್ರಾಕೆಟ್ಟಿಗೆ ಉಜ್ಜುತ್ತಿದ್ದ ಬಾಗಿನ ಒಳಮೈಯಲ್ಲಿ ಒಂದು ಸೀಳು. ಬೆರಳಿನಿಂದ ಬಾಗಿಸಿದರೆ ಬಾಯಿ ಬಿಡುತ್ತಿತ್ತು, ಬಿಟ್ಟರೆ ಮುಚ್ಚಿಕೊಳ್ಳುತ್ತಿತ್ತು. ಪೈಪಿನ ಬೆಲೆ 180 ರೂಪಾಯಿ. ಅದನ್ನು ಬದಲಿಸಿ ಅದೇ ಪರೀಕ್ಷೆ ಮಾಡಿದಾಗ ಗಾಳಿಯ ಅಂಕಿ ಇಳಿಯಿತು. ಆಮೇಲೆ ಮೆಕ್ಯಾನಿಕ್ ಜೊತೆಯಲ್ಲೇ ಕುಳಿತು ಗುಂಡ್ಯಕ್ಕೆ ಇಳಿದು ದೋಣಿಗಾಲ್‌ವರೆಗೆ ಹತ್ತಿಸಿದರು. ಎರಡೂ ಕೋಡ್‌ಗಳು ಇದುವರೆಗೆ ಮರಳಿಲ್ಲ.

ಹಳೆಯ ವಾಲ್ವನ್ನು ನಾನು ಕೇಳಿ ಪಡೆದುಕೊಂಡಿದ್ದೆ. ಒಳಗೆ ಮಸಿ ಇದೆ, ಇಷ್ಟು ವರ್ಷ ಓಡಿದ ಡೀಸೆಲ್ ಗಾಡಿಯಲ್ಲಿ ಇಲ್ಲದಿದ್ದರೇ ಆಶ್ಚರ್ಯ. ಆದರೆ ಕೈಪಂಪಿನಿಂದ ಎಳೆದಾಗ ಅದರ ಕಡ್ಡಿ ಸರಾಗವಾಗಿ ಮೇಲೆದ್ದಿತು, ಗೇಜಿನ ಮುಳ್ಳು ಇಳಿಯದೆ ನಿಂತಿತು, ಬಿಟ್ಟಾಗ ಕಡ್ಡಿ ಪೂರ್ತಿ ಕೆಳಗೆ ಕೂತಿತು. ಒಳಗಿನ ಪೊರೆ, ಅಂದರೆ ಡಯಾಫ್ರಾಂ, ಹರಿದಿಲ್ಲ, ವಾಲ್ವ್ ಅಂಟಿಕೊಂಡಿಲ್ಲ. ಅಂದರೆ ಅದು ಕೆಟ್ಟೇ ಇರಲಿಲ್ಲ.

ಇನ್ನೊಂದು ಮಾತನ್ನೂ ಕಂಪನಿಯ ಗಮನಕ್ಕೆ ತರಬೇಕಿದೆ. ಟರ್ಬೋಗೆ ನಾನು ಒಪ್ಪದಿದ್ದಾಗ ತಮ್ಮ ಸಿಬ್ಬಂದಿಯೊಬ್ಬರು ದನಿ ತಗ್ಗಿಸಿ, ಇಜಿಆರ್ ದಾರಿಗೆ ತಗಡು ಹೊಡೆದು ಮುಚ್ಚಿಸಿಬಿಡಿ, ಪಿಯುಸಿ ಹೊಗೆ ತಪಾಸಣೆಯಲ್ಲಿ ಗೊತ್ತಾಗುವುದಿಲ್ಲ ಎಂದರು. ಗೊತ್ತಾಗದಿರುವುದು ನಿಜ. ಅಲ್ಲಿ ಡೀಸೆಲ್ ಗಾಡಿಯ ಹೊಗೆಯ ದಟ್ಟಣೆಯನ್ನು ಅಳೆಯುತ್ತಾರೆಯೇ ಹೊರತು ನೈಟ್ರೋಜನ್ ಆಕ್ಸೈಡುಗಳನ್ನಲ್ಲ. ಇಜಿಆರ್ ಇರುವುದೇ ದಹನದ ಉಷ್ಣತೆಯನ್ನು ತಗ್ಗಿಸಿ ಆ ಅನಿಲಗಳನ್ನು ಕಡಿಮೆ ಮಾಡಲು. ಅಧಿಕೃತ ಎಂಬ ಫಲಕದ ಕೆಳಗೆ ನಿಂತು ಇಂಥ ಸಲಹೆ ಕೊಡುವುದು ಕಂಪನಿಗೆ ಒಪ್ಪಿಗೆಯೇ? ಈ ಪ್ರಶ್ನೆಗೆ ನನಗೆ ಲಿಖಿತ ಉತ್ತರ ಬೇಕು.

ವಾಲ್ವಿನ ಬೆಲೆ ಮತ್ತು ಕೂಲಿ ಸೇರಿ 19,430 ರೂಪಾಯಿಯನ್ನು ನನ್ನ ಖಾತೆಗೆ ಹಿಂದಿರುಗಿಸಿ. ಹೊಸ ವಾಲ್ವ್ ಬೇಕಿದ್ದರೆ ಬಿಚ್ಚಿಕೊಂಡು ಹಳೆಯದನ್ನೇ ಕೂರಿಸಿ, ನನ್ನ ಅಭ್ಯಂತರವಿಲ್ಲ. ಅದರ ಕೂಲಿ ಮಾತ್ರ ನನ್ನದಲ್ಲ. ಹಾಗೆ ಕೂರಿಸುವುದಾದರೆ ಗ್ಯಾಸ್ಕೆಟ್ ಹೊಸದೇ ಇರಲಿ. ವಾಲ್ವ್ ಕೆಟ್ಟಿದೆ ಎಂದು ಯಾವ ಪರೀಕ್ಷೆಯಿಂದ ತೀರ್ಮಾನಿಸಿದಿರಿ, ಅದರ ಅಳತೆಗಳೇನು ಎಂಬುದನ್ನೂ ಬರೆದು ಕಳುಹಿಸಿ. ಪರೀಕ್ಷೆ ನಡೆದಿಲ್ಲವಾದರೆ ಹಾಗೆಂದೇ ಬರೆಯಿರಿ.

ಈ ಪತ್ರ ತಲುಪಿದ 15 ದಿನಗಳೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇನೆ. ಅಲ್ಲಿಯೂ ಇತ್ಯರ್ಥವಾಗದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ, ಸೇವಾ ನ್ಯೂನತೆಯ ಆಧಾರದ ಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಹಳೆಯ ವಾಲ್ವ್ ಮತ್ತು ಸೀಳಿದ ಪೈಪ್ ನನ್ನ ಬಳಿ ಇವೆ. ತಮ್ಮ ತಂತ್ರಜ್ಞರು ತಮ್ಮದೇ ಗೇಜ್ ತಂದು ನನ್ನೆದುರು ಪರೀಕ್ಷಿಸಬಹುದು.

ಇಂತಿ,
ತಮ್ಮ ಗ್ರಾಹಕ,
ಸಕಲೇಶಪುರ

ಲಗತ್ತು: ಎರಡೂ ಭೇಟಿಗಳ ಜಾಬ್ ಕಾರ್ಡ್, ಬಿಲ್, ಟರ್ಬೋ ಅಂದಾಜುಪಟ್ಟಿ, ಪೈಪ್ ಖರೀದಿಯ ರಸೀದಿ ಮತ್ತು ಸೀಳಿನ ಛಾಯಾಚಿತ್ರ.