ಟಿ.ಸಿ. ಕೊಡುವ ಮೊದಲು ತಪಾಸಣೆ ಆಗಲಿ

ಮಾನ್ಯ ಸಂಪಾದಕರೇ,

ಶಾಲೆಗೆ ಬೆತ್ತ ವಾಪಸ್ ಬಂದರೆ ಮಾತ್ರ ಮಕ್ಕಳು ಸರಿಹೋಗುತ್ತಾರೆ ಎಂದು ಓದುಗರೊಬ್ಬರು ಈಚೆಗೆ ನಿಮ್ಮ ಪತ್ರಿಕೆಗೆ ಬರೆದಿದ್ದರು. ನಾನು ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ತಾಯಿ. ನನ್ನ ಮಗ ಬೆತ್ತದ ಪೆಟ್ಟನ್ನೂ ತಿಂದಿದ್ದಾನೆ, ಚಿಕಿತ್ಸೆಯನ್ನೂ ಪಡೆದಿದ್ದಾನೆ. ಎರಡನ್ನೂ ಹತ್ತಿರದಿಂದ ನೋಡಿದ್ದರಿಂದ ಈ ಪತ್ರ.

ಮೂರನೇ ಕ್ಲಾಸಿನ ಹೊತ್ತಿಗೆ ಅವನು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಸ್ನಾನಕ್ಕೆ ಹೋಗು ಅಂದರೆ ಜಗಳ, ಪುಸ್ತಕ ತೆಗಿ ಅಂದರೆ ಜಗಳ. ಅಂಗಳದಲ್ಲಿ ಒಣಗಲು ಹರವಿದ್ದ ಅಡಿಕೆಯನ್ನು ಒಮ್ಮೆ ಸಿಟ್ಟಿನಲ್ಲಿ ಒದ್ದು ಚೆಲ್ಲಾಡಿದ. ಶಾಲೆಯಲ್ಲಿ ಪಕ್ಕದವನ ಬ್ಯಾಗನ್ನು ಹಳ್ಳಕ್ಕೆ ಎಸೆದ. ಊರಿಡೀ ಪುಂಡ ಎಂದು ಹೆಸರಾಯಿತು. ತಾಯತ ಕಟ್ಟಿಸಿದೆವು, ಚೌಡಿಗೆ ಹರಕೆ ಹೊತ್ತೆವು. ಶಾಲೆಯಲ್ಲಿ ಹೊಡೆತ ಬಿದ್ದ ದಿನ ಮನೆಯಲ್ಲಿ ರಂಪ ಇನ್ನೂ ಜಾಸ್ತಿ. ಕೊನೆಗೆ ಟಿ.ಸಿ. ತಗೊಂಡು ಹೋಗಿ ಎಂದರು.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ ಎಂದು ಹೇಳಿದ್ದು ನಮ್ಮ ಆಶಾ ಕಾರ್ಯಕರ್ತೆ. ಸಿಟ್ಟು ಬರುವುದಕ್ಕೆ ಸ್ವಲ್ಪ ಮುಂಚೆ ಏನಾಗಿರುತ್ತದೆ ಅಂತ ಡಾಕ್ಟರು ವಿಚಾರಿಸಿದರು. ಅದುವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ಕಿವಿ ಪರೀಕ್ಷೆ ಮಾಡಿಸಿದರು, ಓದಿಸಿ, ಬರೆಸಿ ನೋಡಿದರು. ಗಮನ ಒಂದು ಕಡೆ ನಿಲ್ಲದ ಎಡಿಎಚ್‌ಡಿ ಇದೆ, ಜೊತೆಗೆ ಸದಾ ಎದುರು ನಿಲ್ಲುವ ಓಡಿಡಿ ಎಂಬ ತೊಂದರೆಯೂ ಇದೆ ಎಂದರು. ಎಷ್ಟೋ ಮಕ್ಕಳಲ್ಲಿ ಇವೆರಡೂ ಒಟ್ಟಿಗೇ ಇರುತ್ತವಂತೆ.

ಹಟ ಮಾಡದ ಮಗು ಎಲ್ಲಿದೆ? ಆದರೆ ಸಿಟ್ಟು, ವಾದ, ಸೇಡು 6 ತಿಂಗಳಾದರೂ ಬಿಡದೆ, ಮನೆ ಮತ್ತು ಶಾಲೆಯ ಬದುಕನ್ನೇ ಕೆಡಿಸುತ್ತಿದ್ದರೆ ತೋರಿಸಲೇಬೇಕು. ಬೇರೆಯವರನ್ನು ಹೊಡೆಯುವುದು, ಪ್ರಾಣಿಗಳನ್ನು ಹಿಂಸಿಸುವುದು, ಕದಿಯುವುದು, ಮನೆ ಬಿಟ್ಟು ಓಡುವುದು ಮತ್ತೆ ಮತ್ತೆ ನಡೆದರೆ ಅದು ಇನ್ನೂ ಗಂಭೀರ. ಅದಕ್ಕೆ ಕಂಡಕ್ಟ್ ಡಿಸಾರ್ಡರ್ ಎನ್ನುತ್ತಾರೆ. ಹೈಸ್ಕೂಲು ಮಕ್ಕಳಲ್ಲಿ ಸಿಡುಕಿನ ಹಿಂದೆ ಖಿನ್ನತೆ ಇರಬಹುದು, ಯಾರೋ ಕೊಡುತ್ತಿರುವ ಕಿರುಕುಳವೂ ಇರಬಹುದು. ಬೆತ್ತ ಎತ್ತಿದವರಿಗೆ ಇದೆಲ್ಲ ಗೊತ್ತಾಗುವುದಾದರೂ ಹೇಗೆ?

ಗಮನದ ತೊಂದರೆಗೆ ಮಾತ್ರೆ ಕೊಟ್ಟರು. ಹಟಕ್ಕೆ ಮುಖ್ಯ ಚಿಕಿತ್ಸೆ ಅಂದರೆ ಮನೆಯವರಿಗೆ ಕೊಡುವ ತರಬೇತಿ. ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು, ಅದೂ ಚಿಕ್ಕದಾಗಿ. ಮಾಡಿದ ತಕ್ಷಣ ಮೆಚ್ಚಬೇಕು. ಸಣ್ಣಪುಟ್ಟ ಗೊಣಗಾಟವನ್ನು ಕೇಳಿಸಿಕೊಳ್ಳದ ಹಾಗೆ ಇರಬೇಕು. ತಪ್ಪಿಗೆ ಏನಾಗುತ್ತದೆ ಅಂತ ಮೊದಲೇ ಹೇಳಿ, ಕೂಗಾಡದೆ ಅಷ್ಟನ್ನೇ ಮಾಡಬೇಕು. ಅತ್ತೆಯವರನ್ನೂ ಕರೆತನ್ನಿ ಎಂದರು. ನಾನು ಮೊಬೈಲ್ ಇಲ್ಲ ಎಂದರೆ ಅವರು ಪಾಪ ಅಂತ ಕೊಟ್ಟುಬಿಡುತ್ತಿದ್ದರು. ಈಗ ಮನೆಯವರೆಲ್ಲರ ಮಾತೂ ಒಂದೇ. ಕೆಟ್ಟ ದಿನಗಳು ಈಗಲೂ ಇವೆ, ಆದರೆ ಅವನು ಬೇರೆ ಶಾಲೆಗೆ ಹೋಗುತ್ತಿದ್ದಾನೆ, ಓದುತ್ತಿದ್ದಾನೆ.

ಶಿವಮೊಗ್ಗಕ್ಕೆ ಹೋಗಿಬರಲು ನಮಗೆ ಇಡೀ ದಿನ ಬೇಕು. ಮಳೆಗಾಲದಲ್ಲಿ ಬಸ್ಸು ನೆಚ್ಚುವಂತಿಲ್ಲ, ಕೂಲಿಯವರಿಗೆ ಒಂದು ದಿನದ ದುಡಿಮೆ ಹೋಗುತ್ತದೆ. ಹೀಗಾಗಿ ಎಷ್ಟೋ ಮನೆಯವರು ಅರ್ಧಕ್ಕೇ ನಿಲ್ಲಿಸಿಬಿಡುತ್ತಾರೆ. ಈ ತರಬೇತಿ ತೀರ್ಥಹಳ್ಳಿ, ಹೊಸನಗರ, ಸಾಗರದ ತಾಲ್ಲೂಕು ಆಸ್ಪತ್ರೆಗಳಲ್ಲೇ ನಿಗದಿತ ದಿನ ಸಿಗಬೇಕು ಎಂದು ಆರೋಗ್ಯ ಇಲಾಖೆಯನ್ನು ಕೇಳುತ್ತೇನೆ. ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆಗೆ ಬರುತ್ತದೆ. ಶಿಕ್ಷಕರು ಅವತ್ತು ಇಂಥ ಮಕ್ಕಳನ್ನು ತಪ್ಪದೆ ತೋರಿಸಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಮಕ್ಕಳನ್ನು ಹೊಡೆಯುವಂತಿಲ್ಲ, 8ನೇ ತರಗತಿ ಮುಗಿಯುವವರೆಗೆ ಶಾಲೆಯಿಂದ ಹೊರಹಾಕುವಂತೆಯೂ ಇಲ್ಲ. ಇದನ್ನು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಗಳಲ್ಲಿ ಓದಿ ಹೇಳಲಿ.

ನನ್ನಂತೆ ದಾರಿ ಕಾಣದೆ ಕೂತ ತಾಯಂದಿರು 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮಗನ ಶಾಲೆಯಲ್ಲಿ ಮತ್ತೆ ಮಾತು ಬರಬಾರದು ಎಂದು ಹೆಸರು ಹಾಕಿಲ್ಲ. ದಯವಿಟ್ಟು ಪ್ರಕಟಿಸಿ.

– ಒಬ್ಬ ತಾಯಿ, ತೀರ್ಥಹಳ್ಳಿ ತಾಲ್ಲೂಕು